ಮ್ಯೂಸಿಕ್ ಸರ್ವರ್: ಯಾವ ಬಿಡಿಭಾಗಕ್ಕೆ ದುಡ್ಡು, ಯಾವುದಕ್ಕೆ ಬೇಡ

ಮನೆಯ ಹಾಡುಗಳನ್ನೆಲ್ಲ ಇಟ್ಟುಕೊಂಡು ನುಡಿಸುವ ಕಂಪ್ಯೂಟರೇ ಮ್ಯೂಸಿಕ್ ಸರ್ವರ್. ಅದರ ಪ್ರೊಸೆಸರ್ ದೊಡ್ಡದಾದರೆ ಹಾಡು ಚೆನ್ನಾಗಿ ಕೇಳಿಸುತ್ತದೆ ಅನ್ನುವುದು ಮಾರುವವರ ಮಾತು. 24 ಬಿಟ್, 192 ಕಿಲೊಹರ್ಟ್ಸ್ (ಸೆಕೆಂಡಿಗೆ 1,92,000 ಮಾದರಿ) ಸ್ಟೀರಿಯೊ ಹಾಡು ಕೂಡ ಕುಗ್ಗಿಸದೆ ಸೆಕೆಂಡಿಗೆ 9.2 ಮೆಗಾಬಿಟ್ ಅಷ್ಟೆ. ಹಳೆಯ 100 ಮೆಗಾಬಿಟ್ ಲ್ಯಾನ್‌ಗೂ ಅದೊಂದು ಹೊರೆಯಲ್ಲ. ಎಸ್‌ಎಸ್‌ಡಿಯಿಂದ ಬಂದರೂ ಹಾರ್ಡ್‌ಡಿಸ್ಕಿನಿಂದ ಬಂದರೂ ಬಿಟ್‌ಗಳು ಅವೇ. ಹಾರ್ಡ್‌ಡಿಸ್ಕಿನ ಗಿರಗಿರ ಸದ್ದು ಮಾತ್ರ ಕಿವಿಗೆ ಬೀಳುತ್ತದೆ, ಅದನ್ನು ಪಕ್ಕದ ಕೋಣೆಯಲ್ಲಿಟ್ಟರಾಯಿತು. ಹಾಡನ್ನು ಡಿಎಸ್‌ಡಿ 512 ಎಂಬ ಬಹಳ ವೇಗದ ಒಂದು ಬಿಟ್ ರೂಪಕ್ಕೆ ಅಪ್‌ಸ್ಯಾಂಪಲ್ ಮಾಡುವ (ಮಾದರಿ ಹೆಚ್ಚಿಸುವ) ಚಪಲ ಇದ್ದರಷ್ಟೇ ಬಲವಾದ ಸಿಪಿಯು ಬೇಕು. ಆಗ ಬಿಸಿ, ಬಿಸಿಗೆ ಫ್ಯಾನ್, ಫ್ಯಾನಿಗೆ ಸದ್ದು.

ಮನೆಯ ಸರ್ವರ್‌ಗೆ ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್ ಧಾರಾಳ ಸಾಕು. ಪೈ 3ರಲ್ಲಿ ಲ್ಯಾನ್ ಮತ್ತು ನಾಲ್ಕೂ ಯುಎಸ್‌ಬಿ ಪೋರ್ಟ್‌ಗಳು ಒಂದೇ ಯುಎಸ್‌ಬಿ 2.0 ದಾರಿಯನ್ನು ಹಂಚಿಕೊಳ್ಳುತ್ತವೆ. ನೆಟ್‌ವರ್ಕಿನಿಂದ ಹಾಡು ಎಳೆದು ಯುಎಸ್‌ಬಿ ಡ್ಯಾಕ್‌ಗೆ (ಬಿಟ್‌ಗಳನ್ನು ಆಂಪ್ಲಿಫೈಯರ್‌ಗೆ ಬೇಕಾದ ಅನಲಾಗ್ ಸಂಕೇತವಾಗಿಸುವ ಉಪಕರಣ) ಕಳಿಸುವಾಗ ಚಟ್ ಚಟ್ ಅನ್ನಬಹುದು. ಪೈ 4ಕ್ಕೆ 5.1 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ಕೊಡಿ. ಫೋನ್ ಚಾರ್ಜರ್ ಹಾಕಿದರೆ ವೋಲ್ಟೇಜ್ ಕುಸಿದು ಪ್ರೊಸೆಸರ್ ನಿಧಾನವಾಗಬಹುದು. ಕರೆಂಟು ಪದೇಪದೇ ಹೋಗುವ ಊರಾದರೆ ಚಿಕ್ಕ ಯುಪಿಎಸ್ ಇರಲಿ, ಪೈಯ ತಂತ್ರಾಂಶ ಇರುವ ಎಸ್‌ಡಿ ಕಾರ್ಡ್ ಕೆಡುವುದು ಹಾಗೆಯೇ.

ಗಡಿಯಾರದ ವಿಷಯ. ಅಸಿಂಕ್ರೋನಸ್ ಯುಎಸ್‌ಬಿ ಡ್ಯಾಕ್ ತನ್ನದೇ ಕ್ಲಾಕ್‌ನಲ್ಲಿ ನಡೆಯುತ್ತದೆ, ಕಂಪ್ಯೂಟರಿನ ಜಿಟರ್ (ಕ್ಲಾಕಿನ ಸಣ್ಣ ಏರುಪೇರು) ಅಲ್ಲಿಗೆ ತಲುಪುವುದಿಲ್ಲ. ಪೈ ಮೇಲೆ ಕೂರಿಸುವ ಡ್ಯಾಕ್ ಬೋರ್ಡಾದರೆ 22.5792 ಮತ್ತು 24.576 ಮೆಗಾಹರ್ಟ್ಸ್‌ನ ಎರಡು ಆಸಿಲೇಟರ್ (ಕ್ಲಾಕಿಗೆ ತಾಳ ಕೊಡುವ ಬಿಡಿಭಾಗ) ಇರುವುದನ್ನೇ ಆರಿಸಿ: ಮೊದಲನೆಯದು 44.1 ಕಿಲೊಹರ್ಟ್ಸ್ ಮತ್ತು ಅದರ ದುಪ್ಪಟ್ಟುಗಳ ಕುಟುಂಬಕ್ಕೆ, ಎರಡನೆಯದು 48ರದಕ್ಕೆ. ಇಲ್ಲವಾದರೆ ಪೈ ತನ್ನ ಕ್ಲಾಕನ್ನು ಭಿನ್ನರಾಶಿಯಲ್ಲಿ ಭಾಗಿಸಿ ಹೊಂದಿಸಬೇಕಾಗುತ್ತದೆ.

ಜೋಡಿಸಿದ ಮೇಲೆ ಪ್ಲೇಯರ್‌ನಲ್ಲಿ ಔಟ್‌ಪುಟ್ ಡಿಫಾಲ್ಟ್ ಬಿಟ್ಟು ನೇರ ಹಾರ್ಡ್‌ವೇರ್ ಸಾಧನವನ್ನೇ ಆರಿಸಿ. ಸಿಡಿಯಿಂದ ತೆಗೆದ ಹಾಡು ಹಾಕಿ ಡ್ಯಾಕ್‌ನ ಪರದೆ ನೋಡಿ. ಸಿಡಿಯ 44.1 ಬದಲು 48 ತೋರಿಸಿದರೆ ನಡುವೆ ಯಾವುದೋ ತಂತ್ರಾಂಶ ರೀಸ್ಯಾಂಪಲ್ ಮಾಡುತ್ತಿದೆ, ಅಂದರೆ ಮಾದರಿ ದರ ಬದಲಿಸುತ್ತಿದೆ.

ಹೆಚ್ಚಿನವರನ್ನು ಕಾಡುವುದು ಗುಂಯ್ ಸದ್ದು. ಒಂದೇ ಸಮನೆ ಗುಂಯ್‌ಗುಟ್ಟಿದರೆ, ಅಂದರೆ 50 ಅಥವಾ 100 ಹರ್ಟ್ಸ್, ಗ್ರೌಂಡ್ ಲೂಪ್ (ಉಪಕರಣಗಳ ಗ್ರೌಂಡ್ ಎರಡು ದಾರಿಯಲ್ಲಿ ಸೇರಿ ಆದ ಸುತ್ತು) ಎಂದು ಅನುಮಾನಿಸಿ. ಡಿಸ್ಕ್ ಓದಿದಾಗ, ಮೌಸ್ ಆಡಿಸಿದಾಗ ಕೀಂ ಎಂದು ಬದಲಾದರೆ ಯುಎಸ್‌ಬಿ ಮೂಲಕ ಬಂದ ಗದ್ದಲ. ಮೊದಲು ಡ್ಯಾಕ್‌ನಿಂದ ಯುಎಸ್‌ಬಿ ಕಿತ್ತು ಕೇಳಿ. ನಿಂತರೆ ಪೈಯನ್ನು ಪವರ್ ಬ್ಯಾಂಕಿನಲ್ಲಿ ಓಡಿಸಿ. ಆಗ ಮಾಯವಾದರೆ ದಾರಿ ಕರೆಂಟಿನದೇ: ಸರ್ವರ್, ಡ್ಯಾಕ್, ಆಂಪ್ಲಿಫೈಯರ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಅರ್ಥ್ ಪಿನ್ ಕತ್ತರಿಸುವುದು ಜೀವಕ್ಕೇ ಅಪಾಯ, ಆ ಕೆಲಸ ಬೇಡ. ಆಪ್ಟಿಕಲ್ ಕೇಬಲ್ ಲೂಪನ್ನು ಪೂರ್ತಿ ಮುರಿಯುತ್ತದೆ, ಆದರೆ 96 ಕಿಲೊಹರ್ಟ್ಸ್ ದಾಟಿದರೆ ಎಲ್ಲ ಉಪಕರಣದಲ್ಲೂ ಕೆಲಸ ಮಾಡುವುದಿಲ್ಲ. ಎರಡು ಕಡೆಯ ಗ್ರೌಂಡನ್ನು ಬೇರ್ಪಡಿಸುವ ಯುಎಸ್‌ಬಿ ಐಸೊಲೇಟರ್ ಕೊಳ್ಳುವಾಗ 480 ಮೆಗಾಬಿಟ್ ಎಂದು ಬರೆದಿದೆಯೇ ನೋಡಿ. 12 ಮೆಗಾಬಿಟ್‌ನ ಅಗ್ಗದ್ದರಲ್ಲಿ 24 ಬಿಟ್, 192 ಕಿಲೊಹರ್ಟ್ಸ್ ಹಾಡು ಹೋಗುವುದಿಲ್ಲ. ಲ್ಯಾನ್‌ಗೆ ಲೋಹದ ಕವಚವಿಲ್ಲದ ಸಾದಾ ಕೇಬಲ್ಲೇ ಮೇಲು: ಪೋರ್ಟ್‌ಗಳಲ್ಲಿರುವ ಟ್ರಾನ್ಸ್‌ಫಾರ್ಮರ್ ಎರಡೂ ಕಡೆಯ ಗ್ರೌಂಡನ್ನು ಬೇರ್ಪಡಿಸಿರುತ್ತದೆ, ಕವಚ ಅದನ್ನು ಮತ್ತೆ ಸೇರಿಸಿಬಿಡುತ್ತದೆ.

ಯುಎಸ್‌ಬಿ ಕಿತ್ತ ಮೇಲೂ ಗುಂಯ್ ನಿಲ್ಲದಿದ್ದರೆ ಸರ್ವರನ್ನು ಬಿಟ್ಟುಬಿಡಿ. ಆಂಪ್ಲಿಫೈಯರ್‌ಗೆ ಟಿವಿ ಜೋಡಿಸಿದ್ದರೆ ಟಿವಿಯ ಕೇಬಲ್ ಕನೆಕ್ಷನ್ ಕಿತ್ತು ನೋಡಿ.