ಶೀತನಿದ್ರೆಯಿಂದ ಎದ್ದವನ ಕಥೆ ಬರೆಯುವವರಿಗೆ

ಇಪ್ಪತ್ತು ವರ್ಷ ಬೇಲೂರು ತಾಲ್ಲೂಕಿನ ಹಳ್ಳಿಗಳಲ್ಲಿ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಿದ್ದೇನೆ. ದ್ರವ ಸಾರಜನಕದ ಜಾಡಿಯ ಮುಚ್ಚಳ ತೆಗೆದರೆ ಬಿಳಿ ಹೊಗೆ ಅಂಚಿನಿಂದ ಇಳಿದು ಕಾಲ ಬಳಿ ಹರಡುತ್ತದೆ. ಒಳಗೆ ಮೈನಸ್ 196 ಡಿಗ್ರಿ. ಇಕ್ಕಳದಿಂದ ವೀರ್ಯ ತುಂಬಿದ ಸಣ್ಣ ಸ್ಟ್ರಾ ಕೊಳವೆ ಎತ್ತಿ 37 ಡಿಗ್ರಿಯ ನೀರಿನಲ್ಲಿ ಅರ್ಧ ನಿಮಿಷ ಇಟ್ಟರೆ ಸಾಕು, ಅದು ಬಳಕೆಗೆ ಸಿದ್ಧ. ಹೋರಿ ಎಂದೋ ಸತ್ತಿರಬಹುದು. ಮುಂದಿನ ವರ್ಷ ಅದರ ಕರು ಕೊಟ್ಟಿಗೆಯಲ್ಲಿ ನೆಗೆಯುತ್ತದೆ. ಮನುಷ್ಯರನ್ನು ಹೀಗೆ ಕಾಪಿಡುವ ಕಥೆ ಬರೆಯಲು ಹೊರಟ ಹುಡುಗ ಹುಡುಗಿಯರಿಗೆ ನಾನು ಮೊದಲು ಆ ಜಾಡಿಯನ್ನೇ ತೋರಿಸುತ್ತೇನೆ.

ಪಾತ್ರವನ್ನು ಸುಮ್ಮನೆ ಮಂಜುಗಡ್ಡೆಯಲ್ಲಿ ಹೂಳಬೇಡಿ. ನೀರು ಹೆಪ್ಪುಗಟ್ಟಿದರೆ ಹರಳಾಗುತ್ತದೆ, ಹರಳು ಜೀವಕೋಶವನ್ನು ಸೀಳುತ್ತದೆ. ವೀರ್ಯಕ್ಕೆ ಗ್ಲಿಸರಾಲ್ ಎಂಬ ದ್ರವ ಬೆರೆಸುವುದು ಅದನ್ನು ತಡೆಯಲಿಕ್ಕೇ. ಉತ್ತರ ಅಮೆರಿಕದ ಒಂದು ಕಾಡುಗಪ್ಪೆ ಚಳಿಗಾಲದಲ್ಲಿ ಗಟ್ಟಿಯಾಗುತ್ತದೆ, ಎದೆಬಡಿತ ನಿಲ್ಲುತ್ತದೆ. ಮೈಯೊಳಗಿನ ಸಕ್ಕರೆ ಕೋಶಗಳನ್ನು ಕಾಯುವುದರಿಂದ ವಸಂತದಲ್ಲಿ ಮತ್ತೆ ಕುಪ್ಪಳಿಸುತ್ತದೆ. ಬೇಲೂರಿನ ಕಪ್ಪೆ ಚೆನ್ನಿಗರಾಯನ ವಿಗ್ರಹದ ಹೊಕ್ಕುಳಿನಿಂದ ಜೀವಂತ ಕಪ್ಪೆ ಹೊರಬಂದ ಕಥೆಯನ್ನು ಕೇಳಿ ಬೆಳೆದವನಿಗೆ ಇದು ಎಷ್ಟು ಹೇಳಿದರೂ ಮುಗಿಯದ ವಿಸ್ಮಯ. ಮನುಷ್ಯನ ವಿಷಯ ಬೇರೆ. 1967ರ ಜನವರಿಯಲ್ಲಿ ಅಮೆರಿಕದಲ್ಲಿ ಜೇಮ್ಸ್ ಬೆಡ್‌ಫೋರ್ಡ್ ಎಂಬ ಪ್ರಾಧ್ಯಾಪಕರ ದೇಹವನ್ನು, ಮುಂದೆಂದಾದರೂ ಎಬ್ಬಿಸುವ ಆಸೆಯಿಂದ, ಶೈತ್ಯದಲ್ಲಿ ಇಟ್ಟರು. ಇದುವರೆಗೆ ಹಾಗೆ ಇಟ್ಟ ಯಾರನ್ನೂ ಎಬ್ಬಿಸಲಾಗಿಲ್ಲ. ಎಬ್ಬಿಸುವ ಯಂತ್ರವನ್ನು ಎರಡು ವಾಕ್ಯದಲ್ಲಿ ದಾಟಿಬಿಡಿ.

ನಿಲ್ಲಬೇಕಾದುದು ಇಲ್ಲಿ: ವೈದ್ಯರು ಸಾವನ್ನು ದೃಢಪಡಿಸಿದ ಮೇಲೆಯೇ ದೇಹವನ್ನು ತಣಿಸುತ್ತಾರೆ. ಎಂದರೆ ನಿಮ್ಮ ನಾಯಕ ಕಾಗದದಲ್ಲಿ ಸತ್ತವನು. ತಿಥಿ ಮುಗಿದಿದೆ. ಪೌತಿ ಖಾತೆಯಾಗಿ ಪಹಣಿ ಮಗನ ಹೆಸರಿಗೆ ಬಂದಿದೆ. ನಲವತ್ತೈದು ವರ್ಷದ ಮೇಲೆ ಎದ್ದವನಿಗೆ ಇನ್ನೂ ನಲವತ್ತೆರಡು, ಮಗನಿಗೆ ಐವತ್ತೆಂಟು. ತೆಂಗಿನ ತೋಟದ ಬೇಲಿಯ ಬಳಿ ನಿಂತು ಯಾರು ಯಾರಿಗೆ ಬುದ್ಧಿ ಹೇಳಬೇಕು?

ನನ್ನ ಬಳಿ ಬಂದ ಒಬ್ಬಳ ಕಥೆಯಲ್ಲಿ ಎದ್ದವನು ಎಲ್ಲರ ಹೆಸರನ್ನೂ ಒಪ್ಪಿಸಿದ, ಮನೆಯವರು ಅಪ್ಪಿಕೊಂಡರು. ಅರ್ಧ ನೆನಪನ್ನು ಅಳಿಸು ಎಂದೆ. ಅವಳು ಹೆಸರುಗಳನ್ನೆಲ್ಲ ತೆಗೆದು ಕೈಯನ್ನು ಮಾತ್ರ ಉಳಿಸಿದಳು: ಅವನು ಹಸುವಿನ ಕೆಳಗೆ ಕುಕ್ಕರುಗಾಲಿನಲ್ಲಿ ಕುಳಿತು, ಕೆಚ್ಚಲು ತೊಳೆದು, ಹೆಬ್ಬೆರಳನ್ನು ಒಳಗೆ ಮಡಚಿ ಹಾಲು ಕರೆಯುತ್ತಾನೆ. ಆ ಮಡಚುವಿಕೆ ಮಗನಿಗೆ ಗೊತ್ತು. ಈಗ ಇವನು ಅಪ್ಪನೇ? ನೆನಪೇ ಮನುಷ್ಯ ಎನ್ನುವವರ ಮಾತು ನನಗೆ ಸಾಲದು. ಜೊತೆಗಿದ್ದವರು ನಮ್ಮನ್ನು ಗುರುತಿಸುವುದರಲ್ಲಿಯೂ ನಾವು ಇದ್ದೇವೆ. ಹಾಗಾಗಿ ಗ್ರಾಮ ಆಡಳಿತಾಧಿಕಾರಿ, ಮಗ, ಹೆಂಡತಿ, ಮೂವರೂ ಬೇರೆ ಬೇರೆ ಉತ್ತರ ಕೊಡಲಿ. ತೀರ್ಪನ್ನು ನೀವು ಕೊಡಬೇಡಿ.

ಬರವಣಿಗೆಯನ್ನು ಕೊನೆಯಿಂದ ಆರಂಭಿಸಿ. ಎಂಬತ್ತರ ಹೆಂಡತಿ ಹೊಸ್ತಿಲಲ್ಲಿ ನಿಂತಿದ್ದಾಳೆ. ಅವಳ ಬಾಯಲ್ಲಿ ‘ಬಂದಿರಾ’ ಎಂದು ಬರುತ್ತದೋ, ‘ಯಾರಪ್ಪ ನೀನು’ ಎಂದೋ? ಆ ಒಂದು ಮಾತು ಖಚಿತವಾಗುವ ತನಕ ಮೊದಲ ಸಾಲನ್ನು ಬರೆಯಬೇಡಿ.