ಪಲ್ಲವಿ ಎಲ್ಲೆಲ್ಲಿ ಬಂತು ಅಂತ ಎಣಿಸಿದ್ದು

ಕೋಶ ಡಿಎನ್‌ಎಯನ್ನು ಓದಿ ಮಾಡುವ ನಕಲು ಆರ್‌ಎನ್‌ಎ. ಅದರ ಚೂರುಗಳು ಜೀನೋಮಿನ, ಅಂದರೆ ಜೀವಿಯ ಪೂರ್ತಿ ಡಿಎನ್‌ಎಯ, ಯಾವ ಜಾಗದ್ದು ಅಂತ ಹುಡುಕುವ ಸಾಫ್ಟ್‌ವೇರ್ ಕೊನೆಗೆ ಒಂದು ಲಾಗ್ ಫೈಲ್ ಬರೆದಿಡುತ್ತದೆ. ಅದರ ಕೆಳಗೆ ಒಂದು ಸಾಲು ಇರುತ್ತದೆ. ತೀರಾ ಜಾಸ್ತಿ ಜಾಗಗಳಿಗೆ ಹೊಂದಿಕೊಂಡ ಚೂರುಗಳು ಶೇಕಡಾ ಇಷ್ಟು, ಅಂತ. ಎರಡು ವರ್ಷ ನಾನು ಆ ಸಾಲನ್ನು ನೋಡಿಯೇ ಇರಲಿಲ್ಲ. ಮೇಲಿನ ಅಂಕಿ ಚೆನ್ನಾಗಿ ಬಂದರೆ ಸಾಕು, ಫೈಲ್ ಮುಚ್ಚಿ ಮಣಿಪಾಲದಿಂದ ಉಡುಪಿ ಬಸ್ ಹತ್ತುತ್ತಿದ್ದೆ.

ನನ್ನ ಕೆಲಸ ಜೀಬ್ರಾ ಮೀನಿನ ಭ್ರೂಣದಲ್ಲಿ ರಕ್ತದ ಸ್ಟೆಮ್ ಸೆಲ್, ಅಂದರೆ ಎಲ್ಲ ಬಗೆಯ ರಕ್ತಕೋಶ ಹುಟ್ಟಿಸುವ ಮೂಲ ಕೋಶ, ಹುಟ್ಟುವ ಹೊತ್ತಿನ ಆರ್‌ಎನ್‌ಎ ಲೆಕ್ಕ ಹಾಕುವುದು. ಮೀನು ನಾನು ಸಾಕುವುದಿಲ್ಲ. ಬೇರೆ ಲ್ಯಾಬಿನವರು ಎಲ್ಲರಿಗೂ ಸಿಗುವ ಹಾಗೆ ಇಟ್ಟ ಡೇಟಾ ಇಳಿಸಿಕೊಂಡು ಎಣಿಸುತ್ತೇನೆ. ಈ ಕೋಶಗಳು ಮೊದಲು ಹುಟ್ಟುವುದು ಮೂಳೆಯೊಳಗೆ ಅಲ್ಲ. ಭ್ರೂಣದ ಬೆನ್ನಿನುದ್ದಕ್ಕೂ ಹೋಗುವ ದೊಡ್ಡ ರಕ್ತನಾಳದ ತಳದಲ್ಲಿ. ಗೋಡೆಯದ್ದೇ ಒಂದು ಚಪ್ಪಟೆ ಕೋಶ ಉಬ್ಬಿ, ದುಂಡಗಾಗಿ, ಗೋಡೆ ಬಿಟ್ಟು ಬರುತ್ತದೆ. ಮೀನಿನಲ್ಲಿ ಒಂದೂವರೆ ದಿನದೊಳಗೆ ಇದು ಶುರುವಾಗುತ್ತದೆ. ಮನುಷ್ಯರಲ್ಲಿ ಗರ್ಭದ ಸುಮಾರು 5ನೇ ವಾರದ ಹೊತ್ತಿಗೆ.

ಒಂದು ಮಳೆಗಾಲದ ರಾತ್ರಿ ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಓಡಿಸುತ್ತಿದ್ದೆ. ಅದು ಮೂರ್ಖತನವೇ. ಸ್ಟಾರ್ ಅನ್ನುವ ಆ ಸಾಫ್ಟ್‌ವೇರಿಗೆ ಮನುಷ್ಯರ ಜೀನೋಮ್ ಆದರೆ 30 ಜಿಬಿಯಷ್ಟು ಮೆಮೊರಿ ಬೇಕು. ಮೀನಿನದ್ದಕ್ಕೆ ಕಡಿಮೆ ಸಾಕು, ಆದರೂ ನನ್ನ ಲ್ಯಾಪ್‌ಟಾಪಿಗೆ ಅದೂ ಭಾರವೇ. ಫ್ಯಾನ್ ಸದ್ದಿಗೆ ಅಮ್ಮ ಎದ್ದು ಬಂದಳು.

"ಎಂತದು ಮಾರಾಯ, ಆಗಿನಿಂದ ಕೂಗ್ತಾ ಉಂಟಲ್ಲ?"

ಹೇಳಿದೆ. ಒಂದು ದೊಡ್ಡ ಪುಸ್ತಕದ ಪುಟಗಳನ್ನು ಚೂರು ಚೂರು ಮಾಡಿದ್ದಾರೆ. ಪ್ರತಿ ಚೂರು ಯಾವ ಪುಟದ್ದು ಅಂತ ಇದು ಹುಡುಕ್ತದೆ. ಅಮ್ಮ ಭಜನಾ ಮಂಡಳಿಯವಳು. "ಪಲ್ಲವಿದ್ದು ಚೂರು ಸಿಕ್ಕಿದ್ರೆ? ಅದು ಪ್ರತಿ ಚರಣ ಆದ ಮೇಲೂ ಬರ್ತದಲ್ಲ, ಆಗ ಎಂತ ಮಾಡ್ತದೆ?"

"ಬಿಸಾಡ್ತದೆ" ಅಂದೆ. ಹೇಳಿದ ಮೇಲೆ ನನಗೇ ಒಂಥರಾ ಆಯ್ತು.

ಯಾಕೆಂದರೆ ಜೀನೋಮಿನಲ್ಲಿ ಪಲ್ಲವಿಯ ಹಾಗೆ ಮತ್ತೆ ಮತ್ತೆ ಬರುವ ಸಾಲುಗಳು ಬಹಳ. ಬಾರ್ಬರಾ ಮೆಕ್ಲಿಂಟಾಕ್ ಮೆಕ್ಕೆಜೋಳದಲ್ಲಿ ಕಂಡುಹಿಡಿದು 1983ರಲ್ಲಿ ನೊಬೆಲ್ ಪಡೆದರಲ್ಲ, ಆ ಜಿಗಿಯುವ ಡಿಎನ್‌ಎ ತುಂಡುಗಳೇ ಇವು. ಮನುಷ್ಯರ ಡಿಎನ್‌ಎಯಲ್ಲಿ ಸುಮಾರು 45 ಶೇಕಡಾ ಇವುಗಳಿಂದಲೇ ಬಂದದ್ದು. ಅಲು ಅನ್ನುವ ಸುಮಾರು 300 ಅಕ್ಷರದ ಒಂದೇ ತುಂಡಿಗೆ 10 ಲಕ್ಷಕ್ಕೂ ಜಾಸ್ತಿ ನಕಲು ಉಂಟು. ಜೀಬ್ರಾ ಮೀನಿನಲ್ಲಂತೂ ಅರ್ಧಕ್ಕಿಂತ ಜಾಸ್ತಿ ಜೀನೋಮ್ ಇಂಥ ಮರುಕಳಿಸುವ ಸಾಲುಗಳೇ.

2020ರಲ್ಲಿ ಜರ್ಮನಿಯ ಫ್ರೈಬರ್ಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಗುಂಪು ಇದೇ ಮೀನಿನಲ್ಲಿ ತೋರಿಸಿದ್ದನ್ನು ಓದಿದ್ದೆ, ನನ್ನ ಡೇಟಾಕ್ಕೂ ಅದಕ್ಕೂ ಸಂಬಂಧ ಇದೆ ಅಂತ ಮಾತ್ರ ಹೊಳೆದಿರಲಿಲ್ಲ. ರಕ್ತದ ಕೋಶ ಹುಟ್ಟುವ ಹೊತ್ತಿಗೆ ಈ ತುಂಡುಗಳಿಂದ ಆರ್‌ಎನ್‌ಎ ಬರುವುದು ಹೆಚ್ಚಾಗುತ್ತದೆ. ಅದನ್ನು ಹಿಡಿಯುವುದು ರಿಗ್-ಐ, ಎಂಡಿಎ5 ಅನ್ನುವ ಪ್ರೋಟೀನುಗಳು. ವೈರಸ್ ಬಂದರೆ ಗಂಟೆ ಬಾರಿಸುವ ಕಾವಲುಗಾರರು ಇವರು. ಇಲ್ಲಿ ವೈರಸ್ಸೇ ಇಲ್ಲ, ಆದರೂ ಗಂಟೆ ಸಣ್ಣಗೆ ಬಾರಿಸುತ್ತದೆ, ಆ ಸಣ್ಣ ಉರಿಯೂತವೇ ಸ್ಟೆಮ್ ಸೆಲ್ ಹುಟ್ಟಲು ನೆರವಾಗುತ್ತದೆ. ಈ ಇಬ್ಬರಲ್ಲಿ ಒಬ್ಬ ಇಲ್ಲದಿದ್ದರೂ ಸ್ಟೆಮ್ ಸೆಲ್ ಕಡಿಮೆ. ಅವರನ್ನು ತಡೆಯುವ ಎಲ್‌ಜಿಪಿ2 ಇಲ್ಲದಿದ್ದರೆ ಜಾಸ್ತಿ. ಅಂದ ಹಾಗೆ, ತುಂಡು ಜಿಗಿದು ಇನ್ನೊಂದು ಕಡೆ ಕೂರಲೇಬೇಕು ಅಂತೇನಿಲ್ಲ. ಆರ್‌ಎನ್‌ಎ ಬಂದರೆ ಸಾಕು. ನಾನೂ ಇದನ್ನು ತುಂಬ ದಿನ ತಪ್ಪು ತಿಳಿದಿದ್ದೆ.

ಮರುದಿನ ಲ್ಯಾಬಿನ ಸರ್ವರಿನಲ್ಲಿ ಮೊದಲಿಂದ ಶುರು ಮಾಡಿದೆ. ಒಂದು ಚೂರು 10ಕ್ಕಿಂತ ಜಾಸ್ತಿ ಕಡೆ ಹೊಂದಿದರೆ ಸ್ಟಾರ್ ಅದನ್ನು ಬಿಟ್ಟುಬಿಡುತ್ತದೆ, ನಾವು ಬದಲಾಯಿಸದಿದ್ದರೆ. ಅದನ್ನು 100 ಮಾಡಿದೆ. ಎಣಿಸಲು ಟಿಇಟ್ರಾನ್ಸ್‌ಕ್ರಿಪ್ಟ್ಸ್ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಹಾಕಿದೆ. ಅದು ಚೂರನ್ನು ಬಿಸಾಡದೆ ಹೊಂದುವ ಜಾಗಗಳಿಗೆಲ್ಲ ಪಾಲು ಹಂಚುತ್ತದೆ. ಒಂದೇ ಥರದ ನಕಲುಗಳನ್ನು ಒಂದು ಕುಟುಂಬ ಅನ್ನುತ್ತೇವೆ. ಹೀಗೆ ಮಾಡಿದರೆ ಯಾವ ಮನೆಯವರು ಮಾತಾಡಿದರು ಅಂತ ಗೊತ್ತಾಗುತ್ತದೆ, ಆ ಮನೆಯಲ್ಲಿ ಯಾರು ಅಂತ ಗೊತ್ತಾಗುವುದಿಲ್ಲ. ನನಗೆ ಅಷ್ಟು ಸಾಕಿತ್ತು.

ಗ್ರಾಫ್ ನೋಡಿ ಕುಣಿಯುವುದೊಂದು ಬಾಕಿ. ನಾಳದ ಗೋಡೆಯ ಸಾದಾ ಕೋಶಗಳಿಗಿಂತ ಹೊಸದಾಗಿ ಹುಟ್ಟುವ ಕೋಶಗಳಲ್ಲಿ ಒಂದರ ಮೇಲೊಂದು ಕುಟುಂಬದ ಆರ್‌ಎನ್‌ಎ ಏರಿತ್ತು. ಪ್ರಿಂಟ್ ತೆಗೆದು ನಮ್ಮ ಲ್ಯಾಬಿನ ಮೇಡಂ ಟೇಬಲ್ ಮೇಲಿಟ್ಟೆ.

ಅವರು ಕನ್ನಡಕ ಸರಿಮಾಡಿಕೊಂಡು ಕೇಳಿದ್ದು ಒಂದೇ. "ಇದರಲ್ಲಿ ಜೀನ್‌ಗಳ ಹೊಟ್ಟೆಯೊಳಗೆ ಕೂತದ್ದು ಎಷ್ಟು?"

ಅದನ್ನು ನೋಡಿರಲಿಲ್ಲ. ಜೀನ್‌ನ ನಡುವೆ ಇಂಟ್ರಾನ್ ಇರುತ್ತದೆ, ಆಮೇಲೆ ಕತ್ತರಿಸಿ ಬಿಸಾಡುವ ಭಾಗ. ಈ ತುಂಡುಗಳಲ್ಲಿ ಎಷ್ಟೋ ಅಲ್ಲೇ ಕೂತಿರುತ್ತವೆ. ಜೀನ್ ಓದಿಸಿಕೊಂಡಾಗ ಅವೂ ಒಟ್ಟಿಗೆ ಓದಿಸಿಕೊಳ್ಳುತ್ತವೆ. ಬಸ್ಸಿನಲ್ಲಿ ಮಲಗಿದವನೂ ಕಾರ್ಕಳ ತಲುಪುತ್ತಾನೆ, ಆದರೆ ಬಸ್ ಬಿಟ್ಟವನು ಅವನಲ್ಲ. ರಕ್ತದ ಜೀನ್‌ಗಳು ಚುರುಕಾಗುವ ಹೊತ್ತಿಗೆ ಅವುಗಳ ಒಳಗೆ ಮಲಗಿದ ತುಂಡುಗಳನ್ನೂ ನಾನು 'ಎಚ್ಚರವಾದವು' ಅಂತ ಎಣಿಸಿಬಿಟ್ಟಿದ್ದೆ.

ಬೆಡ್‌ಟೂಲ್ಸ್ ಅನ್ನುವ ಸಾಫ್ಟ್‌ವೇರಿನಿಂದ ಜೀನ್‌ಗಳ ಒಳಗಿನ ನಕಲುಗಳನ್ನು ಪಟ್ಟಿಯಿಂದ ತೆಗೆದೆ. ಜೀನ್ ಮುಗಿದ ಮೇಲೂ ಓದು ಸ್ವಲ್ಪ ದೂರ ಮುಂದೆ ಹೋಗುವುದುಂಟು, ಹಾಗಾಗಿ ಪಕ್ಕದಲ್ಲೇ ಇರುವವನ್ನೂ ತೆಗೆದೆ. ಪುನಃ ಎಣಿಸಿದೆ. ಅರ್ಧಕ್ಕೂ ಜಾಸ್ತಿ ಕುಟುಂಬಗಳು ಬಿದ್ದುಹೋದವು. ಆ ಸಂಜೆ ಬೇಜಾರಾಗಿ ಟೈಗರ್ ಸರ್ಕಲ್‌ನಲ್ಲಿ ಎರಡು ಚಹಾ ಕುಡಿದೆ. ಉಳಿದ ಕೆಲವು ಮಾತ್ರ ಗಟ್ಟಿ. ಬೇರೆ ಬೇರೆ ಸ್ಯಾಂಪಲ್‌ಗಳಲ್ಲೂ ಏರಿಯೇ ಇದ್ದವು. ಮೊದಲಿನ ಚಂದದ ಗ್ರಾಫಿಗಿಂತ ಈ ನಾಲ್ಕು ಗೆರೆಯ ಬಡ ಗ್ರಾಫ್ ಮೇಲೆ ನನಗೆ ಈಗ ನಂಬಿಕೆ ಜಾಸ್ತಿ.

ಇದು ಭ್ರೂಣಕ್ಕೆ ಮಾತ್ರ ಸೇರಿದ ವಿಷಯವೂ ಅಲ್ಲ. 2021ರಲ್ಲಿ ಇಲಿಗಳಲ್ಲಿ ಕೀಮೋ ಔಷಧಿ ಕೊಟ್ಟ ಮೇಲೆ ಇದೇ ಎಂಡಿಎ5 ದಾರಿ ಸ್ಟೆಮ್ ಸೆಲ್‌ಗಳನ್ನು ಎಬ್ಬಿಸುವುದು ಕಂಡಿತು. 2024ರಲ್ಲಿ ಅಮೆರಿಕದ ಶಾನ್ ಮಾರಿಸನ್ ಅವರ ಗುಂಪು ಗರ್ಭ ಧರಿಸಿದ ಮತ್ತು ರಕ್ತ ಹೋದ ಇಲಿಗಳಲ್ಲಿ ರೆಟ್ರೋಟ್ರಾನ್ಸ್‌ಪೋಸಾನ್‌ಗಳು (ಆರ್‌ಎನ್‌ಎ ಮೂಲಕ ನಕಲಾಗಿ ಜಿಗಿಯುವ ತುಂಡುಗಳು) ಎಚ್ಚರವಾಗಿ ರಕ್ತ ಹೆಚ್ಚಿಸಲು ನೆರವಾಗುವುದನ್ನು ತೋರಿಸಿತು. ಅಲ್ಲಿ ಕಾವಲುಗಾರ ಬೇರೆ, ಡಿಎನ್‌ಎ ಹಿಡಿಯುವವನು.

ನನ್ನ ಲೆಕ್ಕದಲ್ಲಿ ಇನ್ನೊಂದು ತೂತು ಉಳಿದಿದೆ. ನಾನು ಬಳಸಿದ ಡೇಟಾದಲ್ಲಿ ಪಾಲಿ-ಎ ಬಾಲ, ಅಂದರೆ ತುದಿಯಲ್ಲಿ ಎ ಅಕ್ಷರವೇ ಸಾಲಾಗಿ ಬರುವ ಬಾಲ, ಇರುವ ಆರ್‌ಎನ್‌ಎ ಮಾತ್ರ ಹಿಡಿದಿದ್ದಾರೆ. ಬಾಲ ಇಲ್ಲದ್ದು ಲೆಕ್ಕಕ್ಕೇ ಬಂದಿಲ್ಲ. ಎರಡನ್ನೂ ಹಿಡಿದ ಡೇಟಾ ಒಂದು ಈಗ ಸಿಕ್ಕಿದೆ. ಸರ್ವರಿನಲ್ಲಿ ಕ್ಯೂ ಉಂಟು, ನನ್ನ ಸರದಿ ಶುಕ್ರವಾರ.