ಎದ್ದಿರುವಷ್ಟು ಹೊತ್ತೂ ಕಿವಿಯಲ್ಲಿರಬೇಕು

ಮಗಳಿಗೆ ಒಂದೂವರೆ ವರ್ಷವಾಗಿದ್ದಾಗ ಎರಡೂ ಕಿವಿಗಳಲ್ಲಿ ಮಧ್ಯಮ ಪ್ರಮಾಣದ ಶ್ರವಣದೋಷವಿದೆ ಎಂದು ಗೊತ್ತಾಯಿತು. ಹುಟ್ಟಿದಾಗ ಮಾಡಿದ ತಪಾಸಣೆಯಲ್ಲಿ ಏನೂ ತೊಂದರೆ ಕಂಡಿರಲಿಲ್ಲ. ಕೆಲವು ಮಕ್ಕಳಲ್ಲಿ ದೋಷ ಆಮೇಲೆ ತಲೆದೋರುತ್ತದೆ. ಬಾಗಿಲು ಬಡಿದರೆ ಅವಳು ತಿರುಗುತ್ತಿದ್ದಳು, ನಾಯಿ ಬೊಗಳಿದರೆ ಬೆಚ್ಚುತ್ತಿದ್ದಳು. ಹೀಗಾಗಿ ‘ಕಿವಿ ಚೆನ್ನಾಗಿದೆ, ಮಾತು ತಡ ಅಷ್ಟೆ’ ಎಂದು ಬಂದವರೆಲ್ಲ ತೀರ್ಪು ಕೊಟ್ಟು ಹೋಗುತ್ತಿದ್ದರು. ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿ ಪರೀಕ್ಷಿಸುವವರಿಗಂತೂ ಬರವಿರಲಿಲ್ಲ. ಚಪ್ಪಾಳೆ ಜೋರಿನ ಸದ್ದು. ಜೊತೆಗೆ ಕೈಯ ನೆರಳೋ ಗಾಳಿಯೋ ತಾಗಿದರೂ ಮಗು ತಿರುಗುತ್ತದೆ. ‘ಸ’, ‘ಶ’, ‘ಫ’ದಂಥ ಮೆಲುವಾದ, ಕೀಚಲು ಸ್ಥಾಯಿಯ ಧ್ವನಿಗಳು ಕೇಳುತ್ತಿವೆಯೇ ಎಂಬುದನ್ನು ಚಪ್ಪಾಳೆ ಹೇಳುವುದಿಲ್ಲ.

ಹೇಳಿದ್ದು ಬೆರಾ ಪರೀಕ್ಷೆ. ಮಗು ಗಾಢ ನಿದ್ದೆಯಲ್ಲಿರುವಾಗ ಹಣೆಗೆ, ಕಿವಿಯ ಹಿಂಭಾಗಕ್ಕೆ ಎಲೆಕ್ಟ್ರೋಡ್ ಅಂಟಿಸಿ, ಕಿವಿಗೆ ಸದ್ದು ಬಿಟ್ಟು, ಶ್ರವಣನರ ಮತ್ತು ಮಿದುಳುಕಾಂಡ ಅದಕ್ಕೆ ಹೇಗೆ ಸ್ಪಂದಿಸುತ್ತವೆ ಎಂದು ನೋಡುತ್ತಾರೆ. ಮಗುವಿನ ಸಹಕಾರ ಬೇಕಿಲ್ಲ, ನಿದ್ದೆ ಬೇಕು. ನಿದ್ದೆಗೆಡಿಸಿ ಕರೆದುಕೊಂಡು ಬನ್ನಿ ಎಂದಿದ್ದರು. ಕರೆದುಕೊಂಡು ಹೋಗುವ ದಾರಿಯಲ್ಲಿ ಅವಳು ನಿದ್ದೆಹೋಗದಂತೆ ನೋಡಿಕೊಳ್ಳುವುದೇ ಆ ದಿನದ ದೊಡ್ಡ ಕೆಲಸವಾಯಿತು.

ಹಿಯರಿಂಗ್ ಏಡ್ ಬಂದ ಮೇಲೆ ಎಲ್ಲ ಸರಿಹೋಗುತ್ತದೆ ಎಂದು ಮನೆಯವರ ಲೆಕ್ಕ. ಯಂತ್ರ ಕೇಳಿಸುತ್ತದೆ ನಿಜ, ಆದರೆ ಕಿವಿಯಲ್ಲಿ ಇದ್ದರೆ ಮಾತ್ರ. ಎರಡರ ಆಸುಪಾಸಿನ ಮಗುವಿನ ಕೈಗೆ ಎಟುಕುವ ವಸ್ತು ಅದು. ಮೊದಮೊದಲು ಕಿತ್ತು ಎಸೆದಳು, ಕಚ್ಚಿದಳು, ಒಮ್ಮೆ ನೀರಿನ ಬಕೆಟ್ಟಿಗೂ ಹಾಕಿದಳು. ನನ್ನ ಅಮ್ಮನಿಗೆ ಕರುಳು ಚುರುಕ್ ಎನ್ನುತ್ತಿತ್ತು: ‘ಪಾಪ, ಸ್ವಲ್ಪ ಹೊತ್ತು ತೆಗೆದಿಡೇ.’ ಈ ಒಂದು ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳಲಿಲ್ಲ. ಮಗು ಮಾತು ಕಲಿಯುವುದು ಕೂರಿಸಿಕೊಂಡು ಹೇಳಿಕೊಡುವ ಅರ್ಧ ಗಂಟೆಯಲ್ಲಿ ಅಲ್ಲ, ಬಟ್ಟೆ ತೊಡಿಸುವಾಗ, ಮೆಟ್ಟಿಲು ಹತ್ತುವಾಗ ಕಿವಿಗೆ ಬೀಳುವ ಸಾವಿರ ಮಾತುಗಳಲ್ಲಿ. ಸ್ನಾನ, ನಿದ್ದೆ ಬಿಟ್ಟು ಉಳಿದ ಹೊತ್ತೆಲ್ಲ ಏಡ್ ಕಿವಿಯಲ್ಲಿರಬೇಕು ಎಂದು ಆಡಿಯಾಲಜಿಸ್ಟ್, ಅಂದರೆ ಶ್ರವಣತಜ್ಞರು, ಹೇಳಿದ್ದನ್ನು ನಾನು ಅಕ್ಷರಶಃ ಹಿಡಿದೆ.

ಅವಳು ಕಿತ್ತಾಗ ಗದರಲಿಲ್ಲ, ನಗಲೂ ಇಲ್ಲ. ಎರಡೂ ಅವಳಿಗೆ ಬಹುಮಾನವೇ. ಸುಮ್ಮನೆ ಮತ್ತೆ ಹಾಕಿ, ತಕ್ಷಣ ಕೈಗೆ ಆಟಿಕೆ ಕೊಡುತ್ತಿದ್ದೆ. ತೀರಾ ಹಟ ಹಿಡಿದರೆ ಸ್ವಲ್ಪ ಹೊತ್ತು ತೆಗೆದಿಟ್ಟು ಮತ್ತೆ ಹಾಕುತ್ತಿದ್ದೆ, ಆದರೆ ತೆಗೆಯುವ ಕೈ ನನ್ನದಾಗಿರಬೇಕು, ಅವಳದ್ದಲ್ಲ. ಏಡಿಗೆ ದಾರವಿರುವ ಕ್ಲಿಪ್ ಸಿಕ್ಕಿಸಿ ಬೆನ್ನ ಕಡೆ ಅಂಗಿಗೆ ಹಾಕಿದ್ದರಿಂದ ಕಳೆದುಹೋಗುವ ಭಯ ತಪ್ಪಿತು. ತೆಳು ಬಟ್ಟೆಯ ಟೋಪಿಯೂ ಕೆಲವು ವಾರ ಕೆಲಸಕ್ಕೆ ಬಂತು. ದಪ್ಪ ಬಟ್ಟೆಯದಾದರೆ ಮೈಕಿಗೆ ಸದ್ದು ಮಂದವಾಗುತ್ತದೆ. ಏಡ್ ದಿನಕ್ಕೆ ಎಷ್ಟು ಗಂಟೆ ಚಾಲೂ ಇತ್ತು ಎಂಬುದು ಆಡಿಯಾಲಜಿಸ್ಟರ ಕಂಪ್ಯೂಟರಿನಲ್ಲಿ ಕಾಣುತ್ತದೆ. ಮೇಜಿನ ಮೇಲೆ ಚಾಲೂ ಇಟ್ಟರೂ ಅದು ಲೆಕ್ಕಕ್ಕೆ ಸೇರುತ್ತದೆ ಎನ್ನುವುದು ಬೇರೆ ಮಾತು.

ಕಿತ್ತೆಸೆಯುವುದು ಯಾವಾಗಲೂ ಹಟವಲ್ಲ. ಅಚ್ಚು, ಅಂದರೆ ಇಯರ್ ಮೋಲ್ಡ್, ಚುಚ್ಚುತ್ತಿರಬಹುದು. ಕಿವಿ ಬೆಳೆದಂತೆ ಅಚ್ಚು ಸಡಿಲವಾಗಿ, ಮಗುವನ್ನು ಎತ್ತಿ ಅಪ್ಪಿಕೊಂಡರೆ ಸಾಕು ‘ಕುಂಯ್’ ಎಂದು ಸಿಳ್ಳೆ ಹೊಡೆಯುತ್ತದೆ. ಆಗ ಧ್ವನಿ ಕಡಿಮೆ ಮಾಡುವುದು ಪರಿಹಾರವಲ್ಲ, ಹೊಸ ಅಚ್ಚು ಬೇಕು. ಈ ವಯಸ್ಸಿನಲ್ಲಿ ಕೆಲವೇ ತಿಂಗಳಿಗೊಮ್ಮೆ ಅದು ಬದಲಾಗುತ್ತದೆ. ಅಳತೆಗೆ ಕಿವಿಯೊಳಗೆ ದಾರ ಕಟ್ಟಿದ ಪುಟ್ಟ ಸ್ಪಂಜು ಇಟ್ಟು, ಸಿರಿಂಜಿನಿಂದ ಮೆತ್ತನೆಯ ಲೇಪ ತುಂಬುತ್ತಾರೆ. ಗಟ್ಟಿಯಾಗುವವರೆಗೆ ತಲೆ ಅಲುಗಾಡದಂತೆ ಹಿಡಿಯಲು ಮಡಿಲಲ್ಲಿ ಕೂರಿಸಿಕೊಂಡೇ ಇರಬೇಕು.

ಬೆಳಗ್ಗೆ ಏಡ್ ಹಾಕುವ ಮೊದಲು, ಅದರ ಸದ್ದನ್ನು ನಮ್ಮ ಕಿವಿಗೆ ತಲುಪಿಸುವ ಸ್ಟೆತೊಸ್ಕೋಪಿನಂಥ ಸ್ಟೆತೋಕ್ಲಿಪ್‌ನಲ್ಲಿ ನಾನೇ ಕೇಳಿ ನೋಡುತ್ತೇನೆ. ಕರಕರ ಎಂದರೆ, ಸದ್ದು ಏರಿಳಿದರೆ ಅಲ್ಲೇ ಗೊತ್ತಾಗುತ್ತದೆ. ಆಮೇಲೆ, ಮಾತಿನ ಧ್ವನಿಗಳು ಕೇಳುತ್ತಿವೆಯೇ ಎಂದು ನೋಡುವ, ಲಿಂಗ್ ಎಂಬ ತಜ್ಞರ ಹೆಸರಿನ ಪರೀಕ್ಷೆ: ‘ಆ’, ‘ಊ’, ‘ಈ’, ‘ಮ್’, ‘ಶ್’, ‘ಸ್’. ಆರು ಧ್ವನಿಗಳಲ್ಲಿ ಮಾತಿನ ಕೆಳಸ್ಥಾಯಿಯಿಂದ ಮೇಲಿನವರೆಗೆ ಎಲ್ಲ ಬರುತ್ತದೆ. ಮೊದಲು ತಲೆ ತಿರುಗಿಸುತ್ತಾಳೆಯೇ ಎಂದಷ್ಟೇ ನೋಡುತ್ತಿದ್ದೆ. ಎರಡೂವರೆಯಾಗುವ ಹೊತ್ತಿಗೆ ಧ್ವನಿ ಕೇಳಿದಾಗೊಮ್ಮೆ ಒಂದು ಗುಂಡು ಡಬ್ಬಿಗೆ ಹಾಕುವ ಆಟ ಕಲಿತಳು. ಬಾಯಿಗೆ ಕೈ ಅಡ್ಡ ಹಿಡಿದು ಹೇಳಬಾರದು, ‘ಸ್’ ಅಲ್ಲೇ ಮಂಕಾಗುತ್ತದೆ. ಹಿಂದೆ ಕುಳಿತು ಹೇಳಬೇಕು.

ಒಂದು ನೆಗಡಿಯ ನಂತರ ‘ಮ್’ ಮತ್ತು ‘ಊ’ ಬಂದಾಗ ಗುಂಡು ಅವಳ ಕೈಯಲ್ಲೇ ಉಳಿಯಿತು. ‘ಸ್’ ಬಂದಾಗ ಠಣ್ಣನೆ ಬಿತ್ತು. ಏಡ್ ಸರಿಯಿತ್ತು, ಅಚ್ಚಿನ ತೂತಿನಲ್ಲಿ ಗುಗ್ಗೆಯೂ ಇರಲಿಲ್ಲ. ಟಿಂಪನೋಮೆಟ್ರಿಯಲ್ಲಿ, ಅಂದರೆ ಕಿವಿತಮಟೆ ಎಷ್ಟು ಅಲುಗುತ್ತದೆ ಎಂದು ನೋಡುವ ಪರೀಕ್ಷೆಯಲ್ಲಿ, ಗೆರೆ ಚಪ್ಪಟೆ ಬಂತು: ಕಿವಿತಮಟೆಯ ಹಿಂದೆ ದ್ರವ ತುಂಬಿತ್ತು. ಚಿಕ್ಕ ಮಕ್ಕಳಲ್ಲಿ ಇದು ಸಾಮಾನ್ಯ, ಬಹಳಷ್ಟು ಸಲ ಮೂರು ತಿಂಗಳೊಳಗೆ ತಾನಾಗಿ ಇಳಿಯುತ್ತದೆ ಎಂದು ಕಿವಿ ವೈದ್ಯರು ಕಾದು ನೋಡಲು ಹೇಳಿದರು. ಇಳಿಯಿತು. ಗುಂಡಿನ ಆಟ ಇಲ್ಲದಿದ್ದರೆ ಆ ವಾರಗಳನ್ನು ನಾವು ‘ಮಗು ಯಾಕೋ ಮಂಕಾಗಿದ್ದಾಳೆ’ ಎಂದು ಕಳೆಯುತ್ತಿದ್ದೆವು.

ಮಾತಾಡುವ ರೀತಿಯೂ ಬದಲಾಯಿತು. ಕೂಗುವುದರಿಂದ ಪ್ರಯೋಜನವಿಲ್ಲ, ಮಾತು ವಿಕಾರವಾಗುತ್ತದೆ. ತೆರೆದ ಜಾಗದಲ್ಲಿ ದೂರ ಇಮ್ಮಡಿಯಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಅಂದರೆ ಕೋಣೆಯ ಆಚೆಯಿಂದ ಕರೆಯುವ ಬದಲು ಹತ್ತಿರ ಹೋಗಿ ಕೂರುವುದು ಮೇಲು. ಟಿವಿ ಆರಿಸಿದೆವು. ನೆಲಕ್ಕೆ ಜಮಖಾನ, ಕಿಟಕಿಗೆ ಪರದೆ ಬಂದ ಮೇಲೆ ಕೋಣೆಯ ಮೊಳಗು ಕಡಿಮೆಯಾಯಿತು. ಕೈಸನ್ನೆಯನ್ನೂ ಬಿಡಲಿಲ್ಲ. ಸನ್ನೆ ಕಲಿತರೆ ಮಾತು ಬರುವುದಿಲ್ಲ ಎಂದು ಹೆದರಿಸಿದವರಿದ್ದರು; ಸ್ನಾನದ ಹೊತ್ತಿನಲ್ಲಿ ಏಡ್ ಇಲ್ಲದಾಗ ನಮ್ಮಿಬ್ಬರ ನಡುವೆ ಇದ್ದದ್ದು ಅದೊಂದೇ.

ಬ್ಯಾಟರಿಯ ವಿಷಯದಲ್ಲಿ ಮಾತ್ರ ಯಾರೂ ಉದಾಸೀನ ಮಾಡಬೇಡಿ. ಬ್ಯಾಟರಿಯ ಬಾಗಿಲಿಗೆ ಮಕ್ಕಳ ಲಾಕ್ ಇರುವ ಏಡನ್ನೇ ಕೇಳಿ ಪಡೆಯಿರಿ, ಹಳೆಯ ಬ್ಯಾಟರಿಯನ್ನೂ ಎಣಿಸಿ ಎತ್ತಿಡಿ. ನುಂಗಿದ, ಮೂಗಿಗೆ ತೂರಿಸಿಕೊಂಡ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು. ಈಗ ಅವಳು ಹೋಗುವ ಶಿಶುವಿಹಾರದವರಿಗೆ ಮೊದಲು ಕಲಿಸಿಕೊಟ್ಟದ್ದು ಇದನ್ನು. ಎಡಗಿವಿಯದಕ್ಕೆ ನೀಲಿ, ಬಲಗಿವಿಯದಕ್ಕೆ ಕೆಂಪು ಗುರುತು ಎಂಬುದನ್ನು ಆಮೇಲೆ ಹೇಳಿದೆ.